ಬಣ್ಣ ಬಿಟ್ಟ ಆಕಾಶ

ಎತ್ತರ ಐದಡಿಗೆ ಒಂದಿಂಚು ಕಮ್ಮಿ. ತೂಕ, ಜೇಬಿನಲ್ಲಿರುವ ಕತ್ತರಿ, ಟೇಪು, ಗುಂಡುಸೂಜಿ ಡಬ್ಬಿಗಳನ್ನು ಕಳೆದರೆ, ನಲವತ್ತೈದು ಕಿಲೋ ದಾಟದು. ವಯಸ್ಸು ಐವತ್ತೆರಡು ಅಂತ ಹದಿನಾಲ್ಕು ವರ್ಷದ ಪರಿಚಯದಲ್ಲಿ ಆರು ವರ್ಷದಿಂದ ಹೇಳುತ್ತಿದ್ದಾರೆ. ಬಲಗೈ ಹೆಬ್ಬೆರಳು ಮೊದಲ ದರ್ಜೆಯದು. ಬಟ್ಟೆಯ ಅಂಚು ಮುಟ್ಟಿದರೆ ಸಾಕು, ಯಾವ ಗಿರಣಿ, ಎಷ್ಟು ಎಳೆ ಎಂದು ಹೇಳಿಬಿಡುತ್ತದೆ. ಕಿವಿ ಎರಡನೇ ದರ್ಜೆ, ತನಗೆ ಬೇಕಾದ್ದಷ್ಟೇ ಕೇಳುತ್ತದೆ. ನಾಲಿಗೆಯ ದಾಸ್ತಾನು ಕಮ್ಮಿ, ಇದ್ದಷ್ಟೂ ಹರಿತ. ಒಟ್ಟಿನಲ್ಲಿ ಮಾಲು ಗಟ್ಟಿ, ನೋಟ ಸಾಧಾರಣ. ಷೋಕೇಸಿನಲ್ಲಿಟ್ಟರೆ ಯಾರೂ ತಿರುಗಿ ನೋಡರು; ಒಮ್ಮೆ ಮನೆಗೆ ಒಯ್ದವರು ಮಾತ್ರ ಹಿಂದಕ್ಕೆ ತರುವುದಿಲ್ಲ.

ನಾನು ಬಟ್ಟೆ ವ್ಯಾಪಾರಿ. ಬಟ್ಟೆ ತೂತಾಯಿತೆಂದು ಜಗಳಕ್ಕೆ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ತೂತು ಮಾಡುವುದಕ್ಕೆಂದೇ ಬಟ್ಟೆ ಕೊಳ್ಳುವ ಗಿರಾಕಿ, ಈಗ ಅಳೆದು ತೂಗಿದೆನಲ್ಲ, ಈ ಚುಕ್ಕಿ ಅಕ್ಕ ಒಬ್ಬರೇ.

ಚುಕ್ಕಿ ಅಕ್ಕ ಎಂಬುದು ಸ್ಟುಡಿಯೋದವರು ಇಟ್ಟ ಹೆಸರು. ಅವರ ಕೆಲಸ ಆಕಾಶದ್ದು. ಪ್ರತಿ ಶನಿವಾರ ಸಂಜೆ ಏಳಕ್ಕೆ ಟೀವಿಯಲ್ಲಿ ಬರುವ ಬಾಹ್ಯಾಕಾಶದ ಧಾರಾವಾಹಿಯೊಂದಿದೆಯಲ್ಲ, ಅದಕ್ಕೊಂದು ಉದ್ದನೆಯ ಹೆಸರಿದ್ದರೂ ಜನ ಬರೇ ‘ನೌಕೆ’ ಅನ್ನುತ್ತಾರೆ. ಹದಿನೇಳು ವರ್ಷದಿಂದ ಓಡುತ್ತಿದೆ. ಮನುಷ್ಯಕುಲಕ್ಕೆ ಹೊಸ ಮನೆ ಹುಡುಕಿಕೊಂಡು ಹೊರಟ ನೌಕೆ ಅದು. ಮನೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದರೆ ಸ್ಟುಡಿಯೋದ ನೂರಾಹತ್ತು ಜನ ತಮ್ಮ ತಮ್ಮ ಮನೆಗೆ ಹೋಗಬೇಕಾಗುತ್ತದೆ, ಹಾಗಾಗಿ ಸಿಗುವ ಲಕ್ಷಣವೂ ಇಲ್ಲ.

ಹಿಂದೆ ಸೈಕಲ್ ಟೈರಿನ ಗೋದಾಮಾಗಿದ್ದ ಕಟ್ಟಡವೇ ಈಗಿನ ಸ್ಟುಡಿಯೋ. ಬೇಸಿಗೆಯಲ್ಲಿ ಇಡೀ ಬ್ರಹ್ಮಾಂಡ ರಬ್ಬರಿನ ವಾಸನೆ ಹೊಡೆಯುತ್ತದೆ. ನೌಕೆಯ ಗೋಡೆ ಪ್ಲೈವುಡ್ಡು. ಅದನ್ನು ನಡೆಸುವ ಗುಂಡಿಗಳೆಂದರೆ ಕೆಟ್ಟ ಕ್ಯಾಲ್ಕುಲೇಟರುಗಳು ಮತ್ತು ಸೋಪಿನ ಡಬ್ಬಿಗಳು. ಅನ್ಯಗ್ರಹದವರು ಹಾಸಿಗೆಯ ಸ್ಪಂಜಿನಿಂದ ಹುಟ್ಟಿ, ಮೂರು ಕಂತು ಕಾಡಿ, ಮತ್ತೆ ಹಾಸಿಗೆ ಅಂಗಡಿಗೆ ಸೇರುತ್ತಾರೆ. ಈ ಎಲ್ಲದರ ನಡುವೆ ಎದೆಯುಬ್ಬಿಸಿ ನಿಲ್ಲುವ ಕ್ಯಾಪ್ಟನ್‌ಗೆ ಈಗ ಎದೆಗಿಂತ ಹೊಟ್ಟೆಯೇ ಮುಂದೆ. ಮಂಡಿಯೂರಿ ಪಿಸ್ತೂಲು ಹಿಡಿಯುವ ದೃಶ್ಯ ಬಂದಾಗಲೆಲ್ಲ ಅವರ ಪ್ಯಾಂಟು ಹಿಂದೆ ಬಿರಿಯುತ್ತದೆ. ಚುಕ್ಕಿ ಅಕ್ಕ ಮೊದಲು ಕೆಲಸಕ್ಕೆ ಸೇರಿದ್ದೇ ಆ ಪ್ಯಾಂಟು ಹೊಲಿಯುವುದಕ್ಕೆ.

ಆಗ ಆಕಾಶವೆಂದರೆ ಪ್ಲೈವುಡ್ಡಿಗೆ ಸಿಕ್ಕಿಸಿದ ಸಣ್ಣ ಬಲ್ಬುಗಳು. ವಾರಕ್ಕೊಮ್ಮೆ ಷಾರ್ಟ್ ಆಗುತ್ತಿತ್ತು. ಒಮ್ಮೆ ಕ್ಯಾಪ್ಟನ್ ಗಂಭೀರವಾಗಿ ಕಿಟಕಿಗೆ ಒರಗಿ “ಈ ನಕ್ಷತ್ರಗಳೇ ನನ್ನ ಬಂಧುಗಳು” ಅನ್ನುವಷ್ಟರಲ್ಲಿ ಬಂಧುಗಳು ಷಾಕ್ ಹೊಡೆಸಿದರು. ಚುಕ್ಕಿ ಅಕ್ಕ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು. ಎದುರಿಗೆ ಹಳೆಯ ಕಪ್ಪು ಪರದೆ, ಅದರ ತೂತುಗಳಿಂದ ಹಿಂದಿನ ದೀಪ ಇಣುಕುತ್ತಿತ್ತು.

“ಡೈರೆಕ್ಟರೇ, ಬಲ್ಬು ಹಿಂದೆ ಇಟ್ಟು ಮುಂದೆ ಇದನ್ನ ಕಟ್ಟಿದರೆ ಆಗಲ್ವಾ?” ಎಂದರು.

“ಅಕ್ಕಾ, ಅದು ಹರಿದ ಪರದೆ.”

“ನೀವು ತೋರಿಸ್ತಿರೋದು ಸೋಪಿನ ಡಬ್ಬಿ. ಅದಕ್ಕೇನೂ ಅಂದಿಲ್ಲವಲ್ಲ ಜನ.”

ಹಾಗೆ ಆಕಾಶ ಅವರ ಕೈಗೆ ಬಂತು. ನಲವತ್ತಡಿ ಉದ್ದ, ಹದಿನಾಲ್ಕಡಿ ಎತ್ತರ, ಅಪ್ಪಟ ಕಪ್ಪು ಮಖಮಲ್ಲು. ಅದರಲ್ಲಿ ಎರಡು ಸಾವಿರದ ಮುನ್ನೂರ ಹದಿನಾರು ತೂತು. ಸಣ್ಣ ನಕ್ಷತ್ರಕ್ಕೆ ಕಾದ ಸೂಜಿ, ಮಧ್ಯಮಕ್ಕೆ ದಬ್ಬಳ, ದೊಡ್ಡದಕ್ಕೆ ಪೆನ್ಸಿಲ್ಲು. ತೂತಿನ ಹಿಂದೆ ಎಣ್ಣೆಕಾಗದದ ತುಣುಕು, ಬೆಳಕು ಕಣ್ಣಿಗೆ ಚುಚ್ಚದಿರಲೆಂದು. ಹದಿನೈದು ದಿನಕ್ಕೊಮ್ಮೆ ಇಳಿಸಿ, ಧೂಳು ಕೊಡವಿ, ಹಿಗ್ಗಿದ ನಕ್ಷತ್ರಗಳನ್ನು ನಾಲ್ಕು ಹೊಲಿಗೆ ಹಾಕಿ ಕುಗ್ಗಿಸುತ್ತಿದ್ದರು.

ಚುಕ್ಕಿಗಳನ್ನು ಸುಮ್ಮನೆ ಚೆಲ್ಲಿರಲೂ ಇಲ್ಲ. ಮಧ್ಯದಲ್ಲಿ ಕ್ಯಾಂಟೀನಿನ ನೀರಿನ ಜಗ್ಗು, ಅದರ ಕೆಳಗೆ ಡೈರೆಕ್ಟರ ಮೂಗು, ಎಡಮೂಲೆಯಲ್ಲಿ ಹನ್ನೊಂದು ಚುಕ್ಕಿಯ ಉಂಗುರದಂಥ ಗುಂಪು. ಅದು ‘ಅತ್ತೆಯ ಬಳೆ’. ಚುಕ್ಕಿ ಅಕ್ಕನ ಅತ್ತೆಗೆ ಎಂಬತ್ತು ದಾಟಿದೆ, ಟೀವಿಯ ಎದುರಿನ ಕುರ್ಚಿ ಅವರ ಖಾಯಂ ಸೀಟು. ಮೊದಲ ಆಕಾಶ ನೋಡಿದ ದಿನವೇ ಮುಖ ಊದಿಸಿದ್ದರು.

“ಊರವರದೆಲ್ಲ ಮೂಗು ಬಾಯಿ ಬರೆದಿದ್ದೀಯ. ಹದಿನೈದು ವರ್ಷ ಅನ್ನ ಹಾಕಿದೋಳದ್ದು ಏನೂ ಇಲ್ವಾ?”

“ಅನ್ನ ಮಾಡೋದು ನಾನು ಅತ್ತೆ.”

“ತಿಂದು ಹರಸಿದ್ದು ಯಾರು?”

ಮರುವಾರ ಟೀವಿಯಲ್ಲಿ ಎಡಕ್ಕೆ, ಕ್ಯಾಪ್ಟನ್ನಿನ ಕಿವಿಯ ಪಕ್ಕ ಬಳೆ ಮೂಡಿತು. ಅಂದಿನಿಂದ ಅತ್ತೆ ಕಥೆ ನೋಡುವುದು ಬಿಟ್ಟು ಬಳೆ ನೋಡುತ್ತಾರೆ. ಚುಕ್ಕಿ ಅಕ್ಕನ ಗಂಡ ಸ್ಟುಡಿಯೋದ ವ್ಯಾನ್ ಓಡಿಸುವವರು. ಅವರು ಏನನ್ನೂ ನೋಡುವುದಿಲ್ಲ, ಶೀರ್ಷಿಕೆ ಹಾಡಿಗೇ ಗೊರಕೆ ಶುರು.

ನೋಡುವವರೂ ಇದ್ದರು. ನಿವೃತ್ತ ಸರ್ವೇಯರೊಬ್ಬರು ಅಭಿಮಾನಿ ಸಂಘ ಕಟ್ಟಿ, ಟೀವಿಯ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಆ ಆಕಾಶದ ನಕಾಶೆ ತೆಗೆದಿದ್ದರು. ಒಮ್ಮೆ ಇಲಿ ಕಚ್ಚಿದ ತೂತನ್ನು ‘ಹೊಸ ನಕ್ಷತ್ರ ಉದಯ’ ಎಂದು ಸಂಘದ ಪತ್ರಿಕೆಯಲ್ಲಿ ಹಾಕಿದರು. ಚುಕ್ಕಿ ಅಕ್ಕ ಅದನ್ನು ಹೊಲಿದು ಮುಚ್ಚಿದ ಮರುವಾರ ಕಪ್ಪು ಚೌಕಟ್ಟಿನಲ್ಲಿ ಶ್ರದ್ಧಾಂಜಲಿ ಬಂತು.

ಮಖಮಲ್ಲಿಗೂ ಆಯಸ್ಸಿದೆ. ಮೂರು ವರ್ಷಕ್ಕೆ ಒಂದು ಆಕಾಶ ಸವೆಯುತ್ತದೆ. ಆಗ ಹೊಸ ಬಟ್ಟೆಯನ್ನು ನೆಲಕ್ಕೆ ಹಾಸಿ, ಹಳೆಯದನ್ನು ಮುಖ ಮೇಲಾಗಿ ಅದರ ಮೇಲೆ ಹಾಸಿ, ಒಂದೊಂದೇ ತೂತಿನಲ್ಲಿ ದಬ್ಬಳ ಇಳಿಸಿ ಚುಚ್ಚಿಕೊಂಡು ಹೋಗುವುದು ಅವರ ಪದ್ಧತಿ. ಹನ್ನೊಂದು ದಿನದ ಕೆಲಸ. ಮುಗಿದ ಮೇಲೆ ಹಳೆಯದನ್ನು ಕತ್ತರಿಸಿ ಎಲ್ಲರಿಗೂ ಹಂಚುತ್ತಾರೆ. ಎಲೆಕ್ಟ್ರಿಷಿಯನ್ನನ ಸ್ಕೂಟರ್ ಸೀಟಿನ ಕವರು ಒಂದು ಕಾಲದ ಬ್ರಹ್ಮಾಂಡ. ಕ್ಯಾಂಟೀನಿನ ಕಿಟಕಿಗೂ ಒಂದು ತುಂಡಿದೆ. ಮಧ್ಯಾಹ್ನದ ಬಿಸಿಲಿಗೆ ಟೀ ಲೋಟಗಳ ಮೇಲೆಲ್ಲ ನಕ್ಷತ್ರ ಉದುರುತ್ತವೆ.

ಕಳೆದ ವರ್ಷ ಆರನೇ ಆಕಾಶದ ಸರದಿ ಬಂತು. ಚುಕ್ಕಿ ಅಕ್ಕ ಎಂದಿನಂತೆ ಅಂಗಡಿಗೆ ಬಂದರು. ಎಂದಿನಂತೆ ಎಂದರೆ, ಥಾನಿನ ತುದಿ ಎಳೆದು, ಕರವಸ್ತ್ರದ ಮೂಲೆಯನ್ನು ನೀರಲ್ಲಿ ಅದ್ದಿ, ಎರಡು ನಿಮಿಷ ಉಜ್ಜಿ, ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡಬೇಕು. ಆ ದಿನ ಹೊರಗೆ ನಿಲ್ಲಿಸಬಾರದ ಜಾಗದಲ್ಲಿ ವ್ಯಾನ್ ನಿಲ್ಲಿಸಿದ್ದ ಗಂಡ ಹಾರ್ನಿನ ಮೇಲೆ ಕೈಯಿಟ್ಟವರು ತೆಗೆದಿರಲಿಲ್ಲ.

“ಅಣ್ಣಾ, ಬಣ್ಣ ನಿಲ್ಲುತ್ತಾ?” ಎಂದರು ಚುಕ್ಕಿ ಅಕ್ಕ, ಕರವಸ್ತ್ರ ಹೊರಗೆ ತೆಗೆಯದೆಯೇ, ಬಾಗಿಲ ಕಡೆ ಮುಖ ಮಾಡಿ.

“ಅಕ್ಕಾ, ನಿಮ್ಮ ಕ್ಯಾಪ್ಟನ್ ರಿಟೈರ್ ಆದರೂ ಈ ಕಪ್ಪು ರಿಟೈರ್ ಆಗಲ್ಲ” ಎಂದೆ ನಾನು.

ಗಿರಣಿಯವರು ಬಣ್ಣ ಬದಲಾಯಿಸಿದ್ದರು. ಅದೇ ಮಾಲಿನಲ್ಲಿ ಪರದೆ ಹೊಲಿಸಿದ್ದ ಒಬ್ಬರು ಗೋಡೆಗೆಲ್ಲ ಮಸಿ ಹತ್ತಿತೆಂದು ಹಿಂದಿನ ವಾರವಷ್ಟೇ ಬಂದು ಕೂಗಾಡಿ ಹೋಗಿದ್ದರು. ದಾಸ್ತಾನು ಇತ್ತು, ಗಿರಾಕಿ ಎದುರಿಗಿದ್ದರು, ಹಾರ್ನು ಕೂಗುತ್ತಿತ್ತು. ಕತ್ತರಿಸಿ ಕೊಟ್ಟೆ.

ಹನ್ನೊಂದು ದಿನ ಚುಚ್ಚಿ ಅವರು ಆಕಾಶ ಏರಿಸಿದರು. ಹಳೆಯದನ್ನು ಕತ್ತರಿಸಿ ಹಂಚಿದ್ದೂ ಆಯಿತು. ಮೂರನೇ ವಾರಕ್ಕೆ ಹಿಂದಿನ ದೀಪಗಳ ಕಾವಿಗೆ ಕಪ್ಪು ಸುಸ್ತಾಗತೊಡಗಿತು. ಮೊದಲು ಅಂಚು ಕೆಂಪಗಾಯಿತು, ಆಮೇಲೆ ನಡುಭಾಗ. ಕ್ಯಾಮೆರಾದವನು ಕಣ್ಣು ತೆಗೆಯದೇ ಕೂಗಿದ.

“ಅಕ್ಕಾ, ನಿಮ್ಮ ಬ್ರಹ್ಮಾಂಡದ ಮೇಲೆ ಯಾರೋ ಟೀ ಚೆಲ್ಲಿದ್ದಾರೆ!”

ಷೂಟಿಂಗು ಎರಡು ದಿನ ನಿಂತಿತು. ಹಳೆಯ ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ನಿರ್ಮಾಪಕನಾಗಿ ಕೂತಿದ್ದ. ಅವನ ಭಾವಮೈದುನ, ನಲವತ್ತರ ಆಸಾಮಿ, ಒಂದು ಕಂಪ್ಯೂಟರು ಕೊಂಡು ವರ್ಷದಿಂದ ಗುನುಗುತ್ತಿದ್ದ: “ಭಾವಾ, ಆಕಾಶ ನನಗೆ ಕೊಡಿ. ಒಂದು ಬಟನ್ ಒತ್ತಿದರೆ ಲಕ್ಷ ನಕ್ಷತ್ರ.” ನಿರ್ಮಾಪಕ ಸೆಟ್ಟಿನ ನಡುವೆಯೇ ಹೇಳಿಬಿಟ್ಟ, ಇನ್ನೊಂದು ಸಲ ಆಕಾಶದಿಂದ ತಕರಾರು ಬಂದರೆ ಅದು ಕಂಪ್ಯೂಟರಿಗೆ ಹೋಗುತ್ತದೆ, ಚುಕ್ಕಿ ಅಕ್ಕ ಪ್ಯಾಂಟಿಗೆ ಹೋಗುತ್ತಾರೆ.

ಚುಕ್ಕಿ ಅಕ್ಕ ನೇರ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಅಂಗೈ ಬಿಚ್ಚಿಟ್ಟರು. ಮಣಿಕಟ್ಟಿನವರೆಗೂ ಮಸಿ.

“ಇದೇನಕ್ಕಾ?”

“ನೀವು ಕೊಟ್ಟ ಆಕಾಶ. ಅರ್ಧ ಅಲ್ಲಿದೆ, ಅರ್ಧ ಇಲ್ಲಿದೆ.”

“ಗಿರಣಿಯವರು ಏನೋ—”

“ಗಿರಣಿಯವರ ಮುಖ ನಾನು ನೋಡಿಲ್ಲ ಅಣ್ಣಾ. ಒಳ್ಳೇದು ಇದ್ದರೆ ಕೊಡಿ. ಸೋಮವಾರ ಷೂಟಿಂಗ್.”

ಮೇಲಿನ ಅಟ್ಟದಲ್ಲಿ ದುಬಾರಿ ಗಿರಾಕಿಗಳಿಗೆಂದು ಇಟ್ಟಿದ್ದ ಮಖಮಲ್ಲನ್ನು ನಾನೇ ಏಣಿ ಹತ್ತಿ ಇಳಿಸಿ, ಬದಲಿಗೆ ಕೊಟ್ಟೆ. ಅವರು ಎರಡು ನಿಮಿಷ ಉಜ್ಜಿದರು. ಆ ಎರಡು ನಿಮಿಷ ನನ್ನ ಮುಖವನ್ನೇ ನೋಡುತ್ತಿದ್ದರು. ಗಡಿಯಾರ ನೋಡುವ ನೆಪದಲ್ಲಿ ನಾನು ಗೋಡೆ ನೋಡಿದೆ.

ಹನ್ನೊಂದು ದಿನದ ಕೆಲಸಕ್ಕೆ ಸಿಕ್ಕಿದ್ದು ಶನಿವಾರ, ಭಾನುವಾರ. ಚುಕ್ಕಿ ಅಕ್ಕ ಎಲೆಕ್ಟ್ರಿಷಿಯನ್ನನನ್ನೂ ಕ್ಯಾಂಟೀನಿನ ಇಬ್ಬರನ್ನೂ ಕರೆದು ಕೈಗೊಂದೊಂದು ದಬ್ಬಳ ಕೊಟ್ಟರು. ಹೊಸ ಬಟ್ಟೆಯನ್ನು ನೆಲಕ್ಕೆ ಹಾಸಿ, ಮೇಲೆ ಆ ಬಣ್ಣಗೇಡಿಯನ್ನು ಹಾಸಿದರು. ಮುಟ್ಟಿದವರ ಕೈಯೆಲ್ಲ ಕಪ್ಪಾಯಿತು. ಕ್ಯಾಂಟೀನಿನವನು ಮೂಗು ತುರಿಸಿಕೊಂಡು ಮೀಸೆ ಬರೆದುಕೊಂಡ.

“ಅಕ್ಕಾ, ಈ ಕೈಯಲ್ಲಿ ಟೀ ಕೊಟ್ಟರೆ ಯಾರು ಕುಡೀತಾರೆ?”

“ನಿನ್ನ ಟೀ ಈಗ್ಲೂ ಯಾರೂ ಕುಡಿಯಲ್ಲ, ಮೊದಲು ಸರಿಯಾಗಿ ಹಾಸು” ಎಂದ ಎಲೆಕ್ಟ್ರಿಷಿಯನ್.

ಮಸಿ ಬಿಡುತ್ತಿದ್ದದ್ದು ಮಖಮಲ್ಲಿನ ಮುಖದ ಮೇಲಿನ ಮೆತ್ತನೆ ಜುಂಗು ಮಾತ್ರ. ಹಿಂಬದಿ ಅಷ್ಟು ಬಿಡುತ್ತಿರಲಿಲ್ಲ. ಚುಕ್ಕಿ ಅಕ್ಕ “ತಡೀರಿ” ಎಂದರು. ನಾಲ್ವರೂ ನಾಲ್ಕು ಮೂಲೆ ಹಿಡಿದು ಮೇಲಿನ ಬಟ್ಟೆಯನ್ನು ಮಗುಚಿ ಹಾಸಿದರು. ಈಗ ಕೈಗೆ ಹತ್ತುತ್ತಿರಲಿಲ್ಲ. ಕೆಲಸ ಓಡಿತು. ಭಾನುವಾರ ಸಂಜೆಗೆ ಎರಡು ಸಾವಿರದ ಮುನ್ನೂರ ಹದಿನಾರೂ ಚುಚ್ಚಿ ಮುಗಿಯಿತು. ಸೋಮವಾರ ಕಾಡಿಗೆಯಂಥ ಕಪ್ಪು ಆಕಾಶದ ಮುಂದೆ ಕ್ಯಾಪ್ಟನ್ ಗ್ಲಿಸರಿನ್ ಹಾಕಿಕೊಂಡು ಅತ್ತರು. ಎಲ್ಲರೂ ಅವರ ಕಣ್ಣೀರು ಜಾರಿ ಅಂಟಿಸಿದ ಮೀಸೆಗೆ ತಾಗುತ್ತದೋ ಇಲ್ಲವೋ ಅಂತ ನೋಡುತ್ತಿದ್ದರು. ಆಕಾಶವನ್ನು ಯಾರು ನೋಡುತ್ತಾರೆ?

ಆ ಕಂತು ಶನಿವಾರ ಬಂತು. ಗಂಡ ಗೊರಕೆ ಹಿಡಿದಿದ್ದರು. ಚುಕ್ಕಿ ಅಕ್ಕ ಊದಿಕೊಂಡ ಬೆರಳುಗಳನ್ನು ಬಿಸಿನೀರಲ್ಲಿ ಅದ್ದಿಕೊಂಡು ಕೂತಿದ್ದರು. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

“ಏ ಹುಡುಗಿ, ನನ್ನ ಬಳೆ ಎಲ್ಲಿ?”

“ಅಲ್ಲೇ ಇರತ್ತೆ ನೋಡಿ. ಕಿವಿ ಪಕ್ಕ.”

“ಕಿವಿ ಪಕ್ಕ ಇದೆ. ಆ ಕಿವಿ ಅಲ್ಲ, ಈ ಕಿವಿ. ನಾನು ಬಳೆನ ಎಡಗೈಯಿಂದ ಬಲಗೈಗೆ ಯಾವಾಗ ಹಾಕ್ಕೊಂಡೆ?”

ಚುಕ್ಕಿ ಅಕ್ಕ ತಲೆಯೆತ್ತಿದರು. ಬಳೆ ಬಲಕ್ಕೆ. ಜಗ್ಗಿನ ಹಿಡಿ ಎಡಕ್ಕೆ. ಡೈರೆಕ್ಟರ ಮೂಗು ಆಚೆ ಕಡೆ ಸೊಟ್ಟ. ಹಳೆಯದನ್ನು ಮಗುಚಿ ಹಾಸಿ ಚುಚ್ಚಿದ್ದರಿಂದ ಇಡೀ ಆಕಾಶ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿತ್ತು. ಹದಿನೈದು ವರ್ಷದಲ್ಲಿ ಒಂದು ಚುಕ್ಕಿಯನ್ನೂ ಬೆರಳಗಲ ಸರಿಸದವರು ಒಂದೇ ಏಟಿಗೆ ಎಲ್ಲವನ್ನೂ ತಿರುಗಿಸಿಬಿಟ್ಟಿದ್ದರು.

“ಅತ್ತೆ, ಯಾರಿಗೂ ಗೊತ್ತಾಗಿರಲ್ಲ ಅಲ್ವಾ?”

“ಕನ್ನಡಕ ಒರೆಸದೆ ನೋಡಿದ ನನಗೇ ಗೊತ್ತಾಯ್ತು” ಎಂದರು ಅತ್ತೆ. ಸಮಾಧಾನ ಹೇಳುವ ಅಭ್ಯಾಸ ಅವರಿಗೆ ಮೊದಲಿಂದಲೂ ಇಲ್ಲ.

ಸರ್ವೇಯರು ಬೆಳಗಾಗುವುದನ್ನೂ ಕಾಯಲಿಲ್ಲ. ಕಂತು ಮುಗಿಯುವ ಮೊದಲೇ ಸ್ಟುಡಿಯೋಗೆ ಫೋನು. ವಾರ ತುಂಬುವುದರೊಳಗೆ ಸಂಘದವರಿಂದ ನಾನೂರು ಪತ್ರ. ಒಂದು ಪಂಗಡ ನೌಕೆ ಮನೆಗೆ ವಾಪಸಾಗುತ್ತಿದೆ ಅಂದಿತು, ಇನ್ನೊಂದು ಪಂಗಡ ಕ್ಯಾಪ್ಟನ್ ಸತ್ತಿದ್ದಾರೆ, ಇದು ಪರಲೋಕ ಅಂದಿತು. ಎರಡೂ ಪಂಗಡಗಳು ಬೈದದ್ದು ಮಾತ್ರ ನಿರ್ಮಾಪಕನನ್ನೇ. ಅವನು ಚುಕ್ಕಿ ಅಕ್ಕನನ್ನೂ ಕಥೆ ಬರೆಯುವವರನ್ನೂ ಕೋಣೆಗೆ ಕರೆದ. ಆ ಕೋಣೆಯ ಫ್ಯಾನು ಕೆಟ್ಟಿತ್ತು. ಎಲೆಕ್ಟ್ರಿಷಿಯನ್ ಸ್ಟೂಲ್ ಹತ್ತಿ ಅದನ್ನು ಬಿಚ್ಚುತ್ತಿದ್ದ. ಮುಂದಿನದನ್ನು ನನಗೆ ಹೇಳಿದವನು ಅವನೇ. ಒಂದು ಸ್ಕ್ರೂ ಬಿಗಿಯಲು ಅವನು ಅಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲಂತೆ.

ಕಥೆಗಾರರು ಖುಷಿಯಲ್ಲಿದ್ದರು. “ಸಾರ್, ಕಪ್ಪು ಕುಳಿಯೊಳಗೆ ಹೋಗಿ ಮಗುಚಿ ಹೊರಗೆ ಬಂದ್ರು ಅಂತ ಬರೆದುಬಿಡ್ತೀನಿ. ಎರಡು ತಿಂಗಳ ಕಥೆ!”

“ನೀವು ಮೊದಲು ಕ್ಯಾಪ್ಟನ್ನಿನ ತಂಗಿ ಮೂರನೇ ಸಲ ಹೇಗೆ ಬದುಕಿ ಬಂದಳು ಅಂತ ಬರೀರಿ” ಎಂದ ನಿರ್ಮಾಪಕ. ಚುಕ್ಕಿ ಅಕ್ಕನ ಕಡೆ ತಿರುಗಿದ. “ನೋಡಿ ಅಕ್ಕಾ, ನಾನು ಕೆಟ್ಟೋನಲ್ಲ.”

“ಹಾಗಂತ ಯಾರಂದ್ರು?”

“ಯಾರೂ ಅನ್ನಲಿಲ್ಲ.”

“ಮತ್ತೆ?”

ನಿರ್ಮಾಪಕ ಟೇಬಲ್ಲಿನ ಪೆನ್ನು ಎತ್ತಿ, ಇಟ್ಟು, ಮತ್ತೆ ಎತ್ತಿದ. “ತಿಂಗಳೊಳಗೆ ಎರಡು ಸಲ ಬಟ್ಟೆ ಯಾಕೆ ಬೇಕಾಯ್ತು? ಮೊದಲನೇದು ಕಳಪೆ ಅಂತ ತಾನೆ? ಯಾವ ಅಂಗಡಿ ಹೇಳಿ. ನಾಳೆಯಿಂದ ಆ ಅಂಗಡಿಯ ಒಂದು ಗುಂಡಿಯೂ ಈ ಗೇಟು ದಾಟಲ್ಲ. ತಪ್ಪು ಅವನದು ಅಂತಾದರೆ ನಿಮ್ಮನ್ನ ನಾನ್ಯಾಕೆ ತೆಗೀಲಿ? ಆಕಾಶ ನಿಮ್ಮ ಹತ್ರಾನೇ ಇರಲಿ. ನನ್ನ ಭಾವಮೈದುನನಿಗೆ ನಾನು ಹೇಳ್ಕೋತೀನಿ.”

ಸ್ಟುಡಿಯೋದ ಸಮವಸ್ತ್ರ, ಪರದೆ, ಸ್ಪಂಜಿನ ರಾಕ್ಷಸರ ಹೊದಿಕೆ, ಎಲ್ಲ ಹೋಗುವುದು ನನ್ನ ಅಂಗಡಿಯಿಂದ. ನನ್ನ ವ್ಯಾಪಾರದಲ್ಲಿ ಅರ್ಧ ಅದೇ. ಯಾವ ಬಟ್ಟೆ ಎಲ್ಲಿಂದ ಬರುತ್ತದೆಂದು ನಿರ್ಮಾಪಕನಿಗೆ ಗೊತ್ತಿಲ್ಲ, ಚುಕ್ಕಿ ಅಕ್ಕನಿಗೆ ಚೆನ್ನಾಗಿ ಗೊತ್ತು. ಒಂದು ಹೆಸರು ಹೇಳಿದರೆ ಅವರ ಆಕಾಶ ಉಳಿಯುತ್ತಿತ್ತು. ಕೈಯಲ್ಲಿದ್ದ ಟೇಪು ಸುತ್ತಿ ಜೇಬಿಗಿಟ್ಟು ಅವರು ಹೇಳಿದರಂತೆ:

“ಬಣ್ಣ ನಿಲ್ಲುತ್ತೆ ಅನ್ನೋದು ಅಂಗಡಿಯವನ ಕೆಲಸ. ಉಜ್ಜಿ ನೋಡೋದು ನನ್ನ ಕೆಲಸ. ಅವನು ಅವನ ಕೆಲಸ ಮಾಡಿದ. ನಾನು ನನ್ನದು ಮಾಡಲಿಲ್ಲ.”

“ಅಕ್ಕಾ, ನಾನು ಕೇಳಿದ್ದು ಅಂಗಡಿ ಹೆಸರು.”

“ಹೆಸರು ಹೇಳಿದರೆ ನನ್ನ ತಪ್ಪು ಅವನ ತಲೆಗೆ ಕಟ್ಟಿ ನಾನು ಕೂತ ಹಾಗಾಗುತ್ತೆ. ಮಗುಚಿ ಹಾಸಿದ್ದು ನಾನು. ಅದಕ್ಕೆ ಯಾವ ಅಂಗಡಿಯವನೂ ಬಂದು ಮೂಲೆ ಹಿಡಿದಿರಲಿಲ್ಲ.”

“ಹಾಗಾದರೆ ಆಕಾಶ ಹೋಗುತ್ತೆ.”

“ಹೋಗಲಿ. ಪ್ಯಾಂಟು ಎಲ್ಲಿದೆ?”

ಸ್ಟೂಲಿನ ಮೇಲಿಂದ ಎಲೆಕ್ಟ್ರಿಷಿಯನ್ “ಸಾರ್, ಒಂದು ಮೂಲೆ ಹಿಡಿದಿದ್ದು ನಾನು” ಎಂದನಂತೆ. “ನೀನು ಫ್ಯಾನ್ ನೋಡು” ಎಂದರಂತೆ ಇಬ್ಬರೂ ಒಟ್ಟಿಗೇ.

ಈಗ ಆಕಾಶ ಕಂಪ್ಯೂಟರಿನದು. ಲಕ್ಷ ನಕ್ಷತ್ರ, ಎಲ್ಲವೂ ಒಂದೇ ಗಾತ್ರ, ವಾರಕ್ಕೊಂದು ಜಾಗದಲ್ಲಿ. ಸರ್ವೇಯರು ನಕಾಶೆ ಬಿಟ್ಟು ತೋಟಗಾರಿಕೆಗೆ ಇಳಿದಿದ್ದಾರಂತೆ. ಅತ್ತೆ ಶನಿವಾರ ಏಳಕ್ಕೆ ಚಾನೆಲ್ ಬದಲಿಸಿ ಅಡುಗೆ ಕಾರ್ಯಕ್ರಮ ಹಾಕಿ, ಅವರಿಗೆ ಉಪ್ಪು ಹಾಕಲು ಬರುವುದಿಲ್ಲ ಎಂದು ಬೈಯುತ್ತಾರೆ. ಚುಕ್ಕಿ ಅಕ್ಕ ಉಡುಪಿನ ಕೋಣೆಯಲ್ಲಿ ಕ್ಯಾಪ್ಟನ್ನಿನ ಪ್ಯಾಂಟಿಗೆ ಒಳಗಿನಿಂದ ಪಟ್ಟಿ ಕೊಡುತ್ತಾರೆ. ಭಾವಮೈದುನನ ಆಕಾಶ ಹೇಗಿದೆ ಅಂತ ಎಲೆಕ್ಟ್ರಿಷಿಯನ್ ಕೆಣಕಿದರೆ, “ಚೆನ್ನಾಗಿದೆ ತಮ್ಮಾ, ಧೂಳು ಕೊಡವೋ ಹಾಗಿಲ್ಲ” ಅನ್ನುತ್ತಾರೆ. ಆದರೆ ಷೂಟಿಂಗ್ ನಡೆಯುವಾಗ ಸೆಟ್ಟಿನ ಕಡೆ ಕಾಲಿಡುವುದಿಲ್ಲವಂತೆ. ಬಿರಿದ ಪ್ಯಾಂಟೇ ಅವರ ಕೋಣೆಗೆ ಬರಬೇಕು, ಕ್ಯಾಪ್ಟನ್ ಸಮೇತ.

ಅಂಗಡಿಗೆ ಈಗಲೂ ಬರುತ್ತಾರೆ. ದಾರ, ಕೊಕ್ಕೆ, ಒಳಪಟ್ಟಿಯ ಬಟ್ಟೆ. ಅಂಗೈಯಗಲದ ತುಂಡಾದರೂ ಎರಡು ನಿಮಿಷ ಉಜ್ಜದೆ ಒಯ್ಯುವುದಿಲ್ಲ. ನನ್ನ ಹತ್ತಿರ ಆ ಕೋಣೆಯ ಮಾತನ್ನು ಅವರು ಎತ್ತಿಲ್ಲ, ನಾನೂ ಎತ್ತಿಲ್ಲ. ಸ್ಟುಡಿಯೋದ ಸಮವಸ್ತ್ರದ ಆರ್ಡರು ಹೋದ ತಿಂಗಳೂ ನನಗೇ ಬಂತು.

ಆ ಮಖಮಲ್ಲು ಬಣ್ಣ ಬಿಡುತ್ತದೆಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಕತ್ತರಿಸಿ ಕೊಟ್ಟೆ. ನಿರ್ಮಾಪಕನ ಕೋಣೆಗೆ ಹೋಗಿ ಇಷ್ಟನ್ನು ನನ್ನ ಬಾಯಿಂದ ಹೇಳುವುದು ಚುಕ್ಕಿ ಅಕ್ಕನಿಗೆ ನಾನು ಸಲ್ಲಿಸಬೇಕಾದ ಬಾಕಿ. ಐದು ತಿಂಗಳಾಯಿತು. ಇನ್ನೂ ಹೋಗಿಲ್ಲ.